ಹಣ್ಣಿನ ಏಲ್: ಹೆಸರು ನೋಡಿ ತಿನಿಸು ಹೊಂದಿಸಬೇಡಿ

ಮಾನ್ಯ ಸಂಪಾದಕರೇ,

ಯಾವ ಬಿಯರ್ ಜೊತೆಗೆ ಏನು ತಿನ್ನಬೇಕೆಂಬ ಪಟ್ಟಿಗಳು ಪತ್ರಿಕೆಗಳ ಆಹಾರ ಪುಟಗಳಲ್ಲಿ ಈಗ ಮಾಮೂಲು. ಹಣ್ಣು ಹಾಕಿದ ಏಲ್ ಎಂಬ ಬಗೆಯ ಬಿಯರ್‌ನ ಸರದಿ ಬಂದಾಗ ಮಾತ್ರ ಆ ಪಟ್ಟಿಗಳಿಗೆ ಅವಸರ ಹತ್ತುತ್ತದೆ. ರಾಸ್ಪ್‌ಬೆರಿ ಏಲ್‌ಗೆ ಕೇಕ್, ಚೆರ್ರಿ ಏಲ್‌ಗೆ ಚಾಕೊಲೆಟ್, ಪೀಚ್ ಏಲ್‌ಗೆ ಐಸ್‌ಕ್ರೀಂ, ಮುಗಿಯಿತು. ಹಣ್ಣು ಸಿಹಿ, ಹಾಗಾಗಿ ಏಲೂ ಸಿಹಿ, ಹಾಗಾಗಿ ಸಿಹಿತಿನಿಸು ಎಂಬ ಲೆಕ್ಕ. ಇದರಲ್ಲಿ ನಡುವಿನ ಮೆಟ್ಟಿಲೇ ಮುರಿದಿದೆ. ಪಟ್ಟಿ ನಂಬಿ ಬಾಟಲಿ ತೆರೆದವರು ಎರಡನೇ ಗುಟುಕಿಗೇ ‘ಇದೇನು ಹುಳಿ ನೀರು’ ಎಂದು ಲೋಟ ಬದಿಗಿಡುತ್ತಾರೆ. ತಪ್ಪು ಏಲ್‌ನದೂ ಅಲ್ಲ, ಕೇಕಿನದೂ ಅಲ್ಲ.

ಹಣ್ಣನ್ನು ಏಲ್‌ಗೆ ಸಾಮಾನ್ಯವಾಗಿ ಸೇರಿಸುವುದು ಮೊದಲ ಹುದುಗುವಿಕೆಯ ಭರ ಇಳಿದ ಮೇಲೆ. ಆಗಲೂ ಯೀಸ್ಟ್ ಜೀವಂತವಾಗಿರುತ್ತದೆ. ಮಾಲ್ಟ್‌ನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಕೆಲವು ಉದ್ದ ಸರಪಳಿಯ ಸಕ್ಕರೆಗಳನ್ನು ಅದು ಮುಟ್ಟದೆ ಬಿಟ್ಟೀತು. ಹಣ್ಣಿನ ಗ್ಲುಕೋಸ್, ಫ್ರಕ್ಟೋಸ್, ಸುಕ್ರೋಸ್ ಮಾತ್ರ ಅದಕ್ಕೆ ಬಾಯಿಗಿಟ್ಟ ತುತ್ತು. ಕೆಲವೇ ದಿನಗಳಲ್ಲಿ ಹಣ್ಣಿನ ಸಿಹಿ ಹೋಗಿ ಅದರ ಹುಳಿ, ಸಿಪ್ಪೆ ಮತ್ತು ಬೀಜದ ಒಗರು, ಬಣ್ಣ, ಘಮ ಉಳಿಯುತ್ತವೆ. ಮೋಸ ಮಾಡುವುದು ಈ ಘಮವೇ. ಹುಟ್ಟಿದಾಗಿನಿಂದ ಆ ವಾಸನೆ ಸಿಹಿಯ ಜೊತೆಗೇ ಬಂದಿರುವುದರಿಂದ, ಮೂಗಿಗೆ ಅದು ಸಿಕ್ಕ ಕೂಡಲೇ ನಾಲಿಗೆಗೆ ಸಿಹಿ ತಾಗಿತೆಂದು ಮಿದುಳು ತೀರ್ಮಾನಿಸಿಬಿಡುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಶೇ 5 ಮದ್ಯಾಂಶವಿರುವ 1 ಲೀಟರ್ ಏಲ್‌ಗೆ 200 ಗ್ರಾಂ ರಾಸ್ಪ್‌ಬೆರಿ ಹಾಕಿದೆವೆನ್ನಿ. ಈ ಹಣ್ಣಿನ 100 ಗ್ರಾಂನಲ್ಲಿ ಸಕ್ಕರೆ ಇರುವುದು ಸುಮಾರು 4.5 ಗ್ರಾಂ, ಅಂದರೆ ಒಟ್ಟು 9 ಗ್ರಾಂ. ಅಷ್ಟೂ ಹುದುಗಿದರೆ ಹುಟ್ಟುವ ಆಲ್ಕೊಹಾಲ್ 4.5 ಗ್ರಾಂ, ಅಳತೆಯಲ್ಲಿ 6 ಮಿ.ಲೀ.ಗೂ ಕಡಿಮೆ. ಅದರ ಜೊತೆಗೆ ಹಣ್ಣಿನೊಳಗಿನ ಸುಮಾರು 170 ಮಿ.ಲೀ. ನೀರೂ ಬಂದು ಸೇರಿತು. ಕೊನೆಗೆ ಮದ್ಯಾಂಶ ಶೇ 4.7ರ ಆಸುಪಾಸಿಗೆ ಬರುತ್ತದೆ, ಏರುವ ಬದಲು ಇಳಿಯುತ್ತದೆ. ಅದೇ 200 ಗ್ರಾಂ ಮಾವಿನ ತಿರುಳಾದರೆ ಸಕ್ಕರೆ ಸುಮಾರು 28 ಗ್ರಾಂ, ಮದ್ಯಾಂಶ ಶೇ 5.7ರವರೆಗೆ ಹೋಗುತ್ತದೆ. ಹಣ್ಣು ಎಷ್ಟು ಸಿಹಿಯೋ ಏಲ್ ಅಷ್ಟು ಖಡಕ್ಕಾಗುತ್ತದೆಯೇ ಹೊರತು ಅಷ್ಟು ಸಿಹಿಯಾಗುವುದಿಲ್ಲ.

ಹಾಗೆಂದು ಸಿಹಿಯಾದ ಹಣ್ಣಿನ ಬಿಯರ್ ಇಲ್ಲವೇ ಇಲ್ಲ ಎಂದಲ್ಲ. ಯೀಸ್ಟನ್ನು ಸೋಸಿ ತೆಗೆದು ಅಥವಾ ಬಿಸಿಯಲ್ಲಿ ನಿಷ್ಕ್ರಿಯಗೊಳಿಸಿ, ರಸವನ್ನೋ ಸಕ್ಕರೆಯನ್ನೋ ಸೇರಿಸಿದರೆ ಸಿಹಿ ಹಾಗೇ ನಿಲ್ಲುತ್ತದೆ. ಬೆಲ್ಜಿಯಂನ ಲಿಂಡೆಮನ್ಸ್ ಫ್ರಾಂಬ್ವಾಸ್ ಈ ಬಗೆಯದು. ಮದ್ಯಾಂಶ ಶೇ 2.5 ಮಾತ್ರ, ರುಚಿ ಎದ್ದು ಕಾಣುವಷ್ಟು ಸಿಹಿ. ಅದೇ ನಾಡಿನ ‘ಔಡೆ ಕ್ರೀಕ್’ ಅದಕ್ಕೆ ತದ್ವಿರುದ್ಧ. ಗಾಳಿಯಲ್ಲಿನ ಕಾಡು ಯೀಸ್ಟ್‌ನಿಂದ ತನ್ನಷ್ಟಕ್ಕೆ ಹುದುಗಿದ ಲ್ಯಾಂಬಿಕ್ ಎಂಬ ಬಿಯರ್‌ನಲ್ಲಿ ಹುಳಿ ಚೆರ್ರಿಯನ್ನು ಬೀಜ ಸಮೇತ ತಿಂಗಳುಗಟ್ಟಲೆ ನೆನೆಹಾಕಿ ಮಾಡಿದ್ದು, ಸಿಹಿ ಎಂಬುದು ಇಲ್ಲವೆನ್ನುವಷ್ಟು ಒಣ, ಹುಳಿ ನಿಂಬೆಯ ನೆಂಟ. ಶಾಸ್ತ್ರಕ್ಕೆ ನಿಂತರೆ ಲ್ಯಾಂಬಿಕ್ ಏಲ್ ವರ್ಗಕ್ಕೆ ಸೇರುವುದಿಲ್ಲ. ರುಚಿ ನೋಡುವ ಮೇಜಿನ ಮೇಲೆ ಆ ಜಗಳ ಬೇಡ. ಎರಡೂ ಬಾಟಲಿಗಳ ಮೇಲೆ ಕೆಂಪು ಹಣ್ಣಿನ ಚಿತ್ರವಿದ್ದರೂ ಒಂದರ ಜೊತೆ ಹೊಂದಿದ ತಿನಿಸು ಇನ್ನೊಂದರ ಜೊತೆ ಕೆಡುತ್ತದೆ. ಮೂರನೆಯ ಜಾತಿಯೂ ಒಂದಿದೆ. ಹಣ್ಣು ಸೋಕದೆ ಬರೀ ಪರಿಮಳದ ಸಾರ ಬೆರೆಸಿದ್ದು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎನ್ನುತ್ತಾರಲ್ಲ, ಹಾಗೆ.

ಆದ್ದರಿಂದ ತಿನಿಸಿನ ಮಾತಿಗೆ ಮೊದಲು ಬಾಟಲಿಯೊಳಗೆ ಎಷ್ಟು ಸಿಹಿ ಉಳಿದಿದೆ ಎಂದು ತಿಳಿಯಬೇಕು. ಇದಕ್ಕೆ ಪ್ರಯೋಗಾಲಯ ಬೇಡ. 50 ಮಿ.ಲೀ. ಏಲ್ ತೆಗೆದುಕೊಂಡು ಎರಡು ಲೋಟಗಳ ನಡುವೆ ಹತ್ತು ಹದಿನೈದು ಸಲ ಎತ್ತರದಿಂದ ಸುರಿದು ಗ್ಯಾಸ್ ಬಿಡಿಸಿ, 20 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗಾಗಲು ಬಿಡಿ. ತಂಪೂ ಗ್ಯಾಸೂ ಸಿಹಿಯನ್ನು ಮುಚ್ಚಿಡುತ್ತವೆ. ಎರಡೂ ಹೋದರೆ ಇದ್ದ ಸಿಹಿ ಬಯಲಾಗುತ್ತದೆ. ಈಗ ಮೂಗನ್ನು ಬಿಗಿಯಾಗಿ ಹಿಡಿದು ಒಂದು ಗುಟುಕು ಬಾಯಿಗೆ ಹಾಕಿ ಐದು ಸೆಕೆಂಡ್ ಆಡಿಸಿ. ಈ ಹೊತ್ತಿನಲ್ಲಿ ತಿಳಿಯುವುದು ನಾಲಿಗೆಯ ಸತ್ಯ: ಸಿಹಿ, ಹುಳಿ, ಕಹಿ, ಉಪ್ಪು, ಒಗರು. ನುಂಗಿದ ಮೇಲೆ ಮೂಗು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಏರುವ ಗಾಳಿಯಲ್ಲಿ ರಾಸ್ಪ್‌ಬೆರಿಯೋ ಚೆರ್ರಿಯೋ ಥಟ್ಟನೆ ಪ್ರತ್ಯಕ್ಷವಾಗುತ್ತದೆ. ಮೂಗು ಹಿಡಿದಾಗ ಬರೀ ಹುಳಿ, ಬಿಟ್ಟಾಗ ‘ಸಿಹಿ ಹಣ್ಣು’ ಎನಿಸಿದರೆ ಅದು ಒಣ ಏಲ್. ಮೂಗು ಹಿಡಿದಾಗಲೂ ಸಿಹಿ ತಿಳಿದರೆ ಮಾತ್ರ ಅದನ್ನು ಸಿಹಿ ಏಲ್ ಎನ್ನಬೇಕು. ನುಂಗಿದ ಬಹಳ ಹೊತ್ತಿನ ಮೇಲೂ ನಾಲಿಗೆಯ ಹಿಂಭಾಗದಲ್ಲಿ ತೆಳ್ಳನೆಯ ಸಿಹಿ ಜೋತುಬಿದ್ದಿದ್ದರೆ ಕೃತಕ ಸಿಹಿಕಾರಕದ ಮೇಲೆ ಅನುಮಾನ ಇರಲಿ. ಲೇಬಲ್‌ನ ಸಣ್ಣಕ್ಷರ ಓದಿ.

ಆಹಾರ ಪುಟದವರಲ್ಲಿ ನಮ್ಮ ಕೋರಿಕೆ ಇಷ್ಟೇ. ಹಣ್ಣಿನ ಹೆಸರಿನ ಪಕ್ಕದಲ್ಲಿ ಸಿಹಿ ಎಷ್ಟು, ಹುಳಿ ಎಷ್ಟು, ಕಹಿ ಎಷ್ಟು ಎಂದು ಮೂರು ಪದ ಹಾಕಿ. ಹಣ್ಣಿನ ಹೆಸರಿಗಿಂತ ಅವೇ ಓದುಗರಿಗೆ ಹೆಚ್ಚು ನೆರವಾಗುತ್ತವೆ.

ರುಚಿ ನೋಡುವ ಕ್ರಮದಲ್ಲಿ ಜನ ಎಡವುವುದು ಮುಖ್ಯವಾಗಿ ತಾಪಮಾನದಲ್ಲಿ. ಫ್ರಿಜ್‌ನ 3–4 ಡಿಗ್ರಿಯಲ್ಲಿ ಹಣ್ಣಿನ ಘಮ ಏಳುವುದೇ ಇಲ್ಲ, ಒಗರು ಮತ್ತು ಕಹಿ ಮಾತ್ರ ಮುಂದೆ ಬರುತ್ತವೆ. ಗೋಧಿ ಸೇರಿಸಿದ ತೆಳು ಹಣ್ಣಿನ ಏಲ್‌ಗೆ 5–7 ಡಿಗ್ರಿ, ಹುಳಿ ಬಗೆಗೆ 8–10, ಕಂದು ಅಥವಾ ಕಪ್ಪು ಮಾಲ್ಟ್‌ನ ಗಟ್ಟಿ ಏಲ್‌ಗೆ 10–13 ಸಾಕು. ಲೋಟವನ್ನು ಫ್ರೀಜರ್‌ನಲ್ಲಿಟ್ಟು ಮಂಜುಗಟ್ಟಿಸುವ ಷೋಕಿ ಬೇಡ. ಬಾಯಿ ಕಿರಿದಾದ, ಕಾಲಿರುವ ಲೋಟ ಒಳ್ಳೆಯದು. ಸೋಪಿನ ಅಂಶ ಉಳಿಯದಂತೆ ತೊಳೆದಿರಲಿ. ಗ್ಲಾಸಿನ ಒಳಮೈಗೆ ಗುಳ್ಳೆಗಳು ಅಂಟಿಕೊಂಡು ಕೂತಿದ್ದರೆ ಅಲ್ಲಿ ಜಿಡ್ಡಿದೆ ಎಂದೇ ಅರ್ಥ. ಒಂದು ಸಲಕ್ಕೆ 100 ಮಿ.ಲೀ. ಸುರಿದರೆ ಸಾಕು, ಮೇಲೆ ಘಮಕ್ಕೆ ಜಾಗ ಬೇಕು.

ಸುರಿಯುವಾಗ ಗಷ್ಟನ್ನು ಗಮನಿಸಿ. ಬಾಟಲಿಯಲ್ಲೇ ಮತ್ತೆ ಹುದುಗಿದ ಏಲ್ ಆದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಒಂದೇ ಓಟದಲ್ಲಿ ಸುರಿದು ಕೊನೆಯ ಒಂದು ಬೆರಳಷ್ಟು ಬಿಟ್ಟುಬಿಡಿ. ಹಣ್ಣಿನ ತಿರುಳೇ ತುಂಬಿದ ದಪ್ಪ ಬಗೆಯ ಕ್ಯಾನ್ ಆದರೆ ಉಲ್ಟಾ ನಿಯಮ: ತೆರೆಯುವ ಮುನ್ನ ಎರಡು ಮೂರು ಸಲ ನಿಧಾನವಾಗಿ ತಲೆಕೆಳಗು ಮಾಡಿ, ಕುಲುಕಬೇಡಿ. ಇಂಥ ಕ್ಯಾನ್‌ಗಳನ್ನು ಎಂದೂ ಫ್ರಿಜ್‌ನಿಂದ ಹೊರಗೆ ದಿನಗಟ್ಟಲೆ ಇಡಬಾರದು. ಒಳಗೆ ಹುದುಗದ ಸಕ್ಕರೆ ಇದೆ, ಯೀಸ್ಟ್ ಕೂಡ ಇರಬಹುದು. ಬೆಚ್ಚಗಾದರೆ ಹುದುಗು ಮತ್ತೆ ಶುರುವಾಗಿ ಕ್ಯಾನ್ ಉಬ್ಬುತ್ತದೆ, ಸಿಡಿಯಲೂಬಹುದು. ಉಬ್ಬಿದ ಕ್ಯಾನನ್ನು ಮುಖದ ಹತ್ತಿರ ತರದೆ, ಚೆನ್ನಾಗಿ ತಣಿಸಿ, ಬಟ್ಟೆ ಮುಚ್ಚಿ ಸಿಂಕಿನಲ್ಲೇ ತೆರೆಯಬೇಕು.

ಘಮ ನೋಡಲು ಮೂಗಿನಿಂದ ಜೋರಾಗಿ ಎಳೆಯಬೇಕಿಲ್ಲ. ಎರಡು ಮೂರು ಚುಟುಕು ಉಸಿರು ತೆಗೆದುಕೊಳ್ಳಿ, ಆಮೇಲೆ ಲೋಟದ ಬಾಯಿಗೆ ಅಂಗೈ ಮುಚ್ಚಿ ಹತ್ತು ಸೆಕೆಂಡ್ ತಿರುಗಿಸಿ ಮತ್ತೆ ಮೂಸಿ. ನಿಜವಾದ ಚೆರ್ರಿಯಲ್ಲಿ ಬೀಜದಿಂದ ಬರುವ ಬೆನ್ಜಾಲ್ಡಿಹೈಡ್‌ನ ಬಾದಾಮಿ ವಾಸನೆ ತೆಳುವಾಗಿ ಇದ್ದೇ ಇರುತ್ತದೆ. ಅದೇ ವಾಸನೆ ಮುಖಕ್ಕೆ ರಾಚಿ ಕೆಮ್ಮಿನ ಸಿರಪ್ ನೆನಪಾದರೆ ಸಾರದ ಕೈ ಮೇಲಾಗಿದೆ. ಸಾರ ಬೆರೆಸಿದ್ದರಲ್ಲಿ ವಾಸನೆ ದೊಡ್ಡದು, ಬಾಯಿಯಲ್ಲಿ ಮಾತ್ರ ಏನೂ ಇಲ್ಲ: ಹುಳಿಯೂ ಇಲ್ಲ, ಒಗರೂ ಇಲ್ಲ, ನುಂಗಿದ ಕೂಡಲೇ ಹಣ್ಣು ಮಾಯ. ಪೀಚ್ ಘಮ ಬಿಯರ್‌ನಲ್ಲಿ ಬೇಗ ಮಂಕಾಗುವುದರಿಂದ ಪೀಚ್ ಎಂದು ಜನ ಗುರುತಿಸುವ ರುಚಿಗೆ ಅನೇಕ ತಯಾರಕರು ಏಪ್ರಿಕಾಟ್ ಬಳಸುತ್ತಾರೆ. ಸ್ಟ್ರಾಬೆರಿಯಂತೂ ಕೆಲವು ತಿಂಗಳಲ್ಲಿ ಬಣ್ಣವನ್ನೂ ಕಳೆದುಕೊಂಡು ಘಮವನ್ನೂ ಕಳೆದುಕೊಳ್ಳುತ್ತದೆ, ಹಳೆಯದನ್ನು ಕೊಳ್ಳಬೇಡಿ. ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ. ಜರ್ಮನ್ ಬಗೆಯ ಗೋಧಿ ಏಲ್‌ನಲ್ಲಿ ಬಾಳೆಹಣ್ಣಿನ ಘಮ ಗಮ್ಮೆನ್ನುತ್ತದೆ, ಅದರಲ್ಲಿ ಒಂದು ಹೋಳು ಬಾಳೆಹಣ್ಣೂ ಇರುವುದಿಲ್ಲ. ಅದು ಯೀಸ್ಟ್ ತಾನೇ ಹುಟ್ಟಿಸಿದ ಐಸೋಅಮೈಲ್ ಅಸಿಟೇಟ್.

ಕೆಟ್ಟದ್ದನ್ನು ಗುರುತಿಸುವುದೂ ರುಚಿ ನೋಡುವುದರ ಭಾಗವೇ. ಗುಲಾಬಿ ಬಣ್ಣ ಇಟ್ಟಿಗೆ ಬಣ್ಣಕ್ಕೆ ತಿರುಗಿ ಒದ್ದೆ ರಟ್ಟಿನ ವಾಸನೆ ಬಂದರೆ ಆಮ್ಲಜನಕ ಒಳಹೊಕ್ಕಿದೆ. ಹುಳಿ ಏಲ್‌ನಲ್ಲಿ ಹುಳಿ ಇರಬೇಕು, ಆದರೆ ಅದು ಮೊಸರಿನ ಹುಳಿಯಂತೆ ನಾಲಿಗೆಯ ಮೇಲಿರಬೇಕು. ಗಂಟಲು ಸುಟ್ಟು ಮೂಗಿಗೆ ಹೊಡೆಯುವ ವಿನೆಗರ್ ಹುಳಿ ಮಿತಿ ಮೀರಿದರೆ ದೋಷ. ಉಗುರುಬಣ್ಣ ಒರೆಸುವ ದ್ರವದ ವಾಸನೆ ಈಥೈಲ್ ಅಸಿಟೇಟ್‌ನದು. ಬಣ್ಣ ಕಾಣಲೆಂದು ಪಾರದರ್ಶಕ ಬಾಟಲಿಯಲ್ಲಿ ತುಂಬಿ ಬೆಳಕಿಗಿಟ್ಟ ಏಲ್‌ನಲ್ಲಿ ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಒಡೆದು ಗಂಧಕದ ನಾತ ಹುಟ್ಟುತ್ತದೆ. ಎಲ್ಲಕ್ಕಿಂತ ಕುತಂತ್ರಿ ದೋಷವೆಂದರೆ ಇಲಿಯ ವಾಸನೆ. ಮೂಸಿದರೆ ಸಿಗುವುದಿಲ್ಲ, ಗುಟುಕಿನಲ್ಲೂ ಇಲ್ಲ, ನುಂಗಿ ಹತ್ತಿಪ್ಪತ್ತು ಸೆಕೆಂಡ್ ಆದ ಮೇಲೆ ಇಲಿ ಓಡಾಡಿದ ಕಾಳಿನ ಡಬ್ಬದಂಥ ವಾಸನೆ ಬಾಯೊಳಗಿನಿಂದ ಏಳುತ್ತದೆ. ಟೆಟ್ರಾಹೈಡ್ರೊಪಿರಿಡಿನ್ ಎಂಬ ಈ ಸಂಯುಕ್ತ ಹುಳಿಯಲ್ಲಿ ಆವಿಯಾಗದೆ ಅಡಗಿರುತ್ತದೆ, ಜೊಲ್ಲು ಹುಳಿಯನ್ನು ತಗ್ಗಿಸಿದಾಗ ಹೊರಬರುತ್ತದೆ. ಕೆಲವರಿಗೆ ಇದು ತಿಳಿಯುವುದೇ ಇಲ್ಲ, ಹಾಗಾಗಿ ಒಬ್ಬರ ಮಾತಿನ ಮೇಲೆ ಬಾಟಲಿ ಪಾಸು ಮಾಡಬೇಡಿ.

ಇನ್ನು ತಿನಿಸು. ಮೊದಲು ಏಲ್ ಮಾತ್ರ ಎರಡು ಗುಟುಕು, ಆಮೇಲೆ ತಿನಿಸು ಮಾತ್ರ ಒಂದು ತುಂಡು, ಆಮೇಲೆ ತಿನಿಸನ್ನು ಅಗಿದು ಮುಕ್ಕಾಲು ನುಂಗಿದ ಹೊತ್ತಿಗೆ ಒಂದು ಗುಟುಕು. ಈ ಮೂರನೇ ಹಂತದಲ್ಲಿ ಕೇಳಿಕೊಳ್ಳಬೇಕಾದ್ದು ಒಂದೇ: ಎರಡರಲ್ಲಿ ಯಾವುದು ಮೊದಲಿಗಿಂತ ಕುಗ್ಗಿತು? ಹಲ್ಲುಜ್ಜಿ ಒಂದು ಗಂಟೆಯಾದರೂ ಆಗಿರಲಿ. ಪೇಸ್ಟಿನ ನೊರೆ ಪದಾರ್ಥ ಸಿಹಿಯನ್ನು ಅಡಗಿಸಿ ಕಹಿಯನ್ನು ಎಬ್ಬಿಸುತ್ತದೆ. ಹಲವು ಏಲ್ ಇದ್ದರೆ ಒಣ ಬಗೆಯಿಂದ ಸಿಹಿಗೆ, ಕಡಿಮೆ ಹುಳಿಯಿಂದ ಹೆಚ್ಚು ಹುಳಿಗೆ, ತೆಳುವಿನಿಂದ ಗಟ್ಟಿಗೆ ಸಾಗಿ. ನಡುವೆ ಉಪ್ಪಿಲ್ಲದ ಬ್ರೆಡ್ ತುಂಡು ಮತ್ತು ತಣ್ಣಗಿರದ ನೀರು.

ಕೇಕಿನ ಪ್ರಶ್ನೆಗೆ ಮರಳೋಣ. ಕೇಕಿನ 100 ಗ್ರಾಂನಲ್ಲಿ ಸಕ್ಕರೆ 30 ಗ್ರಾಂ ದಾಟುವುದು ಸಾಮಾನ್ಯ. ಒಣ ಹಣ್ಣಿನ ಏಲ್‌ನಲ್ಲಿ ಅದರ ಹತ್ತರಲ್ಲೊಂದು ಪಾಲೂ ಇರುವುದಿಲ್ಲ. ಅಷ್ಟು ಸಿಹಿಗೆ ಒಗ್ಗಿದ ನಾಲಿಗೆಗೆ ಆಮೇಲೆ ಬಂದದ್ದು ನೀರು, ಹುಳಿ, ಕಹಿ ಎಂದೇ ತೋರುತ್ತದೆ. ಸಿಹಿತಿನಿಸಿನ ಜೊತೆ ಕುಡಿಯುವುದು ತಿನಿಸಿಗಿಂತ ಸಿಹಿ ಇರಬೇಕು, ಇಲ್ಲವೇ ತಿನಿಸನ್ನೇ ತಗ್ಗಿಸಬೇಕು. ಸಕ್ಕರೆ ಹಾಕದ ಗಟ್ಟಿ ಕೆನೆ, ತಾಜಾ ರಿಕೋಟಾ ಚೀಸ್, ಬೆಣ್ಣೆ ಹೆಚ್ಚು ಸಕ್ಕರೆ ಕಡಿಮೆ ಇರುವ ಬಿಸ್ಕತ್ತು ಒಣ ರಾಸ್ಪ್‌ಬೆರಿ ಏಲ್ ಜೊತೆ ಚೆನ್ನಾಗಿ ಕೂರುತ್ತವೆ. ಕೊಬ್ಬು ಬಾಯಿಗೆ ಮೆತ್ತುತ್ತದೆ, ಹುಳಿ ಮತ್ತು ಗುಳ್ಳೆ ಅದನ್ನು ಕೆರೆದು ತೆಗೆಯುತ್ತವೆ, ಖಾಲಿಯಾದ ಜಾಗಕ್ಕೆ ಹಣ್ಣಿನ ಘಮ ಬರುತ್ತದೆ.

ಚೆರ್ರಿ ಮತ್ತು ಚಾಕೊಲೆಟ್ ಬಗ್ಗೆ ನಮ್ಮದು ಖಚಿತ ಭಿನ್ನಮತ. ಶೇ 70 ಕೋಕೋ ಇರುವ ಚಾಕೊಲೆಟ್‌ನಲ್ಲಿ ಕಹಿ ಇದೆ, ಒಗರಿದೆ. ಒಣ ಹುಳಿ ಚೆರ್ರಿ ಏಲ್‌ನಲ್ಲೂ ಒಗರಿದೆ. ಒಗರಿಗೆ ಒಗರು ಸೇರಿದರೆ ಬಾಯಿ ಒಣಗಿ ಬಿಗಿಯುತ್ತದೆ. ಈ ಜೋಡಿ ಗೆಲ್ಲುವುದು ಚೆರ್ರಿ ಹಾಕಿದ ಸ್ಟೌಟ್ ಎಂಬ ಕಪ್ಪು ಏಲ್‌ನಲ್ಲಿ, ಅಂದರೆ ಹುರಿದ ಮಾಲ್ಟ್ ಮತ್ತು ಒಂದಿಷ್ಟು ಉಳಿದ ಸಿಹಿ ಎರಡೂ ಇರುವ ಕಡೆ. ಒಣ ಚೆರ್ರಿ ಏಲನ್ನು ಚಾಕೊಲೆಟ್‌ನಿಂದ ಬಿಡಿಸಿ ಹುರಿದ ಬಾತುಕೋಳಿ, ಹಂದಿಮಾಂಸ ಅಥವಾ ಬೆಣ್ಣೆಯಲ್ಲಿ ಕಂದು ಬಣ್ಣಕ್ಕೆ ತಿರುಗುವಂತೆ ಬಾಡಿಸಿದ ಅಣಬೆಯ ಪಕ್ಕಕ್ಕಿಡಿ, ವ್ಯತ್ಯಾಸ ಗೊತ್ತಾಗುತ್ತದೆ. ಅಣಬೆಯೊಂದಿಗೆ ಏಲ್ ತುಸು ಕಹಿ ಎನಿಸಿದರೆ ಅಣಬೆಗೆ ಚಿಟಿಕೆ ಉಪ್ಪು ಹೆಚ್ಚಿಸಿ. ಉಪ್ಪು ಕಹಿಯನ್ನು ಅಡಗಿಸುತ್ತದೆ.

ಅದೇ ಕಾರಣಕ್ಕೆ ಹಾಪ್ಸ್ ಜೋರಾಗಿರುವ ಮಾವು ಅಥವಾ ಅನಾನಸ್ ಏಲ್‌ಗೆ ಉಪ್ಪುಉಪ್ಪಾದ ಗಟ್ಟಿ ಚೀಸ್, ಆಲಿವ್, ಕರಿದ ತಿನಿಸು ಸರಿ. ಅದಕ್ಕೆ ಖಾರ ಬೇಡ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಯಾವ ನರದ ತುದಿಯನ್ನು ಕೆರಳಿಸುತ್ತದೋ ಅದನ್ನೇ ಆಲ್ಕೊಹಾಲ್ ಕೂಡ ಕೆರಳಿಸುತ್ತದೆ, ಗ್ಯಾಸ್ ಚುಚ್ಚುತ್ತದೆ, ಕಹಿ ಉರಿಯ ಮೇಲೆ ನಿಲ್ಲುತ್ತದೆ. ಖಾರದ ಊಟಕ್ಕೆ ಮದ್ಯಾಂಶ ಶೇ 4–5 ಮೀರದ, ಕಹಿ ಕಡಿಮೆ ಇರುವ, ಅಲ್ಪ ಸಿಹಿ ಉಳಿದ ಏಪ್ರಿಕಾಟ್ ಅಥವಾ ಪೀಚ್ ಗೋಧಿ ಏಲ್ ತೆಗೆದುಕೊಳ್ಳಿ. ಆ ಏಲ್ ಸುಟ್ಟ ಕೋಳಿಗೂ ಮೃದು ಚೀಸ್‌ಗೂ ಒಗ್ಗುತ್ತದೆ.

ಹುಳಿಗೆ ಹುಳಿ ಕೂಡದು ಎಂಬ ನಂಬಿಕೆಯೂ ಪರೀಕ್ಷಿಸಬೇಕಾದದ್ದು. ವಾಸ್ತವದಲ್ಲಿ ನಿಂಬೆ ಹಿಂಡಿದ ಮೀನು ಅಥವಾ ವಿನೆಗರ್ ಹಾಕಿದ ಸಲಾಡ್ ತಿಂದ ಮೇಲೆ ಹುಳಿ ಏಲ್‌ನ ಹುಳಿ ಇಳಿದು ಹಣ್ಣು ಮುಂದೆ ಬರುತ್ತದೆ. ಒಂದೇ ಷರತ್ತು, ಏಲ್‌ನ ಹುಳಿ ತಿನಿಸಿನ ಹುಳಿಗೆ ಸಮ ಅಥವಾ ಹೆಚ್ಚು ಇರಬೇಕು. ಕಡಿಮೆಯಾದರೆ ಏಲ್ ಸಪ್ಪೆಯಾಗುತ್ತದೆ. ಉಪ್ಪು ಮತ್ತು ಕೊತ್ತಂಬರಿ ಬೀಜ ಹಾಕಿ ಮಾಡುವ ಜರ್ಮನಿಯ ಗೋಸೆ ಬಿಯರ್‌ಗೆ ಪ್ಯಾಶನ್ ಹಣ್ಣು ಸೇರಿಸಿದ್ದು ಸಿಕ್ಕರೆ ಸಿಗಡಿ, ಹಸಿ ಮೀನಿನ ತಿನಿಸುಗಳಿಗೆ ಅದಕ್ಕಿಂತ ಉತ್ತಮ ಜೋಡಿ ನಮಗೆ ತೋಚುವುದಿಲ್ಲ. ಮೇಕೆ ಹಾಲಿನ ತಾಜಾ ಚೀಸ್‌ಗೂ ಹುಳಿ ರಾಸ್ಪ್‌ಬೆರಿ ಏಲ್‌ಗೂ ಇರುವ ನಂಟು ಇದೇ ಬಗೆಯದು, ಎರಡರಲ್ಲೂ ಲ್ಯಾಕ್ಟಿಕ್ ಆಮ್ಲದ ಹುಳಿ ಇದೆ. ಚೀಸನ್ನು ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ತೆಗೆದಿಡಿ. ತಣ್ಣನೆಯ ಕೊಬ್ಬು ಕರಗುವುದಿಲ್ಲ, ಕರಗದ ಕೊಬ್ಬಿನ ಮೇಲೆ ಏಲ್ ಸುಮ್ಮನೆ ಜಾರಿಹೋಗುತ್ತದೆ.

ಹೊಂದಲಿಲ್ಲವೆಂದು ಕೂಡಲೇ ಬಾಟಲಿ ಬದಲಿಸಬೇಡಿ. ಏಲ್ ತೀರಾ ಹುಳಿಯೆನಿಸಿದರೆ ತಿನಿಸಿಗೆ ಬೆಣ್ಣೆಯೋ ಕೆನೆಯೋ ಸೇರಿಸಿ ನೋಡಿ. ಏಲ್ ಜಿಗುಟು ಸಿಹಿ ಎನಿಸಿದರೆ ಎರಡು ಡಿಗ್ರಿ ತಣಿಸಿ. ಹಣ್ಣು ಕಾಣದಾದರೆ ಮೊದಲು ಬೆಚ್ಚಗಾಗಲು ಬಿಡಿ.

ಪ್ರಮಾಣದ ಮಾತು ಇಲ್ಲದೆ ಈ ವಿಷಯ ಮುಗಿಯದು. ಶೇ 5ರ ನಾಲ್ಕು ಏಲ್‌ಗಳನ್ನು 100 ಮಿ.ಲೀ. ಪ್ರಕಾರ ನೋಡಿದರೆ ಒಳಹೋಗುವ ಆಲ್ಕೊಹಾಲ್ ಸುಮಾರು 16 ಗ್ರಾಂ. ಇಡೀ 330 ಮಿ.ಲೀ. ಬಾಟಲಿಯೊಂದರಲ್ಲಿರುವುದು 13 ಗ್ರಾಂ. ಹಣ್ಣಿನ ಘಮ ಮದ್ಯದ ಘಾಟನ್ನು ಮುಚ್ಚುವುದರಿಂದ ಕುಡಿದದ್ದು ಗೊತ್ತಾಗುವುದಿಲ್ಲ. ಗಾಡಿ ಓಡಿಸಬೇಕಾದವರು ರುಚಿ ನೋಡುವ ಸಾಲಿನಲ್ಲಿ ಕೂರದಿರುವುದೇ ಸರಿ. ನಾಲ್ಕಕ್ಕಿಂತ ಹೆಚ್ಚು ಬಾಟಲಿ ಇದ್ದರೆ ಎಲ್ಲರ ಪಕ್ಕದಲ್ಲೂ ಉಗಿಯಲು ಒಂದು ಪಾತ್ರೆ ಇರಲಿ. ಕಹಿ ತಿಳಿಯಬೇಕಾದರೆ ನುಂಗಲೇಬೇಕು ಎಂಬ ಹಳೆಯ ಮಾತಿಗೆ ಹೆದರಬೇಕಿಲ್ಲ, ಕಹಿ ನಾಲಿಗೆಯ ಎಲ್ಲ ಕಡೆಯೂ ತಿಳಿಯುತ್ತದೆ. ತೆರೆದ ಬಾಟಲಿ ಉಳಿದರೆ ಬಿಗಿ ಮುಚ್ಚಳ ಹಾಕಿ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಮರುದಿನದೊಳಗೆ ಮುಗಿಸಿ. ಗ್ಯಾಸ್ ಹೋದದ್ದನ್ನು ಚೆಲ್ಲಬೇಕಿಲ್ಲ. ಒಣ ಚೆರ್ರಿ ಏಲನ್ನು ಮಾಂಸ ಹುರಿದ ಬಾಣಲೆಗೆ ಸುರಿದು ಮೂರನೇ ಒಂದು ಭಾಗಕ್ಕೆ ಇಳಿಯುವವರೆಗೆ ಕುದಿಸಿ ಒಂದು ಚಮಚ ಬೆಣ್ಣೆ ಹಾಕಿದರೆ ಸಾಸ್ ಆಗುತ್ತದೆ. ಹಾಪ್ಸ್ ಹೆಚ್ಚಿರುವುದನ್ನು ಮಾತ್ರ ಹೀಗೆ ಕುದಿಸಬೇಡಿ, ನೀರು ಆರಿದಷ್ಟೂ ಕಹಿ ಗಟ್ಟಿಯಾಗುತ್ತದೆ.

ಇಂತಿ,
ಪತ್ರಿಕೆಯ ಓದುಗರು